ದೂರಿನ ಗುಮಾಸ್ತರ ದೂರದ ಮಾತು

ನೀರು ಸರಬರಾಜು ಕಚೇರಿಯ ಕೆಳಮಹಡಿಯಲ್ಲಿ, ಮೆಟ್ಟಿಲಿನ ಅಡಿಯಲ್ಲಿ ಒಂದು ಕಿಟಕಿ ಇದೆ. ಅದರ ಮೇಲೆ ‘ದೂರುಗಳು’ ಎಂದು ಬರೆದಿದೆ. ಆ ಕಿಟಕಿಯ ಹಿಂದೆ ಹತ್ತೊಂಬತ್ತು ವರ್ಷದಿಂದ ಕೂತಿರುವವರೇ ನಮ್ಮ ಗುಮಾಸ್ತರು. ನಲ್ಲಿಯಲ್ಲಿ ನೀರು ಬರಲಿಲ್ಲ ಎನ್ನುವವರು, ಬಂದದ್ದು ನಿಲ್ಲಲೇ ಇಲ್ಲ ಎನ್ನುವವರು, ತಮಗೆ ಬಂದರೂ ಪಕ್ಕದ ಮನೆಯವರಿಗೆ ಇನ್ನೂ ಜೋರಾಗಿ ಬರುತ್ತದೆ ಎನ್ನುವವರು, ಎಲ್ಲರ ಮಾತನ್ನೂ ಅವರು ತಲೆ ಆಡಿಸುತ್ತ ಕೇಳಿ, ಕ್ರಮಸಂಖ್ಯೆ ಬರೆದು, ಚೀಟಿ ಹರಿದು ಕೊಡುತ್ತಾರೆ. ಆ ಕೆಲಸದಲ್ಲಿ ಬಾಯಿಗೆ ಉಪಯೋಗ ಕಡಿಮೆ. ‘ಮುಂದಿನವರು’ ಎಂಬ ಒಂದೇ ಶಬ್ದದಲ್ಲಿ ಇಡೀ ದಿನ ದೂಡಿಬಿಡಬಹುದು. ಹೀಗೆ ದೂರು ಕೇಳಿ ಕೇಳಿ ಸವೆದ ಮನುಷ್ಯನಿಗೆ ದೂರ ಮಾತಾಡುವ ಆಸೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಹುಟ್ಟಿದ ರೀತಿ ಮಾತ್ರ ಅಷ್ಟು ಗೌರವದ್ದಲ್ಲ.

ಗುಮಾಸ್ತರಿಗೆ ಒಬ್ಬ ಷಡ್ಡಕ. ಹೆಂಡತಿಯ ಅಕ್ಕನ ಗಂಡ. ಫ್ಯಾನು, ಇಸ್ತ್ರಿಪೆಟ್ಟಿಗೆ ಮಾರುವ ಅಂಗಡಿ ಇಟ್ಟಿದ್ದ. ಒಂದು ಭಾನುವಾರ ಅವನ ಮನೆಯಲ್ಲಿ ಎಲ್ಲರೂ ಊಟಕ್ಕೆ ಸೇರಿದ್ದಾಗ ಅವನು ಹೊಸ ಫೋನು ತೆಗೆದು, ಅದರಿಂದ ಭೂಮಿಯ ಯಾವ ಮೂಲೆಗೆ ಬೇಕಾದರೂ ಮಾತಾಡಬಹುದು ಎಂದು ಮುಕ್ಕಾಲು ಗಂಟೆ ವಿವರಿಸಿದ. ಕೊನೆಗೆ ಗುಮಾಸ್ತರ ಕಡೆ ತಿರುಗಿ, ನಿಮ್ಮ ಫೋನು ಯಾವುದು ಎಂದು ಕೇಳಿದ. ಗುಮಾಸ್ತರ ಫೋನಿನ ಹಿಂಬದಿಗೆ ರಬ್ಬರ್ ಬ್ಯಾಂಡ್ ಹಾಕಿತ್ತು. ಅದನ್ನು ಜೇಬಿನಿಂದ ತೆಗೆಯುವ ಬದಲು ಅವರು, ತಾವು ಫೋನಿನಲ್ಲಿ ಮಾತಾಡುವುದು ಕಡಿಮೆ, ತಮ್ಮದೇನಿದ್ದರೂ ಹವ್ಯಾಸಿ ರೇಡಿಯೋ, ಅದನ್ನೂ ತಾವೇ ಕೈಯಾರೆ ಕಟ್ಟುವುದು ಎಂದುಬಿಟ್ಟರು.

ಆ ಗಳಿಗೆಯಲ್ಲಿ ಅವರಿಗೂ ಹವ್ಯಾಸಿ ರೇಡಿಯೋಗೂ ಇದ್ದ ಸಂಬಂಧವೆಂದರೆ, ಹಲ್ಲಿನ ಡಾಕ್ಟರರ ಕಾಯುವ ಕೋಣೆಯಲ್ಲಿ ಓದಿದ ಅರ್ಧ ಲೇಖನ. ಉಳಿದರ್ಧ ಓದುವಷ್ಟರಲ್ಲಿ ಒಳಗೆ ಕರೆದಿದ್ದರು. ಆದರೆ ಊಟಕ್ಕೆ ಕೂತವರಲ್ಲಿ ಅವರ ಮನೆಯಲ್ಲೇ ಇರುವ ಅತ್ತೆಯೂ ಇದ್ದರು. ಅತ್ತೆಯ ಕಿವಿಗೆ ಬಿದ್ದ ಮಾತು ಬೀದಿಯ ಆ ತುದಿ ಮುಟ್ಟಲು ಯಾವ ಯಂತ್ರದ ಸಹಾಯವೂ ಬೇಕಿರಲಿಲ್ಲ. ಸೋಮವಾರ ಬೆಳಗ್ಗೆ ಹಾಲಿನವನು, ಸ್ಟೇಷನ್ ಯಾವಾಗ ಶುರು ಎಂದು ಕೇಳಿದ. ಗುಮಾಸ್ತರಿಗೆ ಹಿಂದೆ ಸರಿಯಲು ದಾರಿ ಉಳಿಯಲಿಲ್ಲ.

ಇದಕ್ಕೆ ಲೈಸೆನ್ಸು ಬೇಕು, ಲೈಸೆನ್ಸಿಗೆ ಪರೀಕ್ಷೆ ಬರೆಯಬೇಕು. ಎರಡು ಸಲ ಫೇಲಾಗಿ ಮೂರನೆಯ ಸಲ ಅವರು ಪಾಸಾದರು. ಕಾಲ್ ಸೈನ್ ಎಂಬ ಐದಾರು ಅಕ್ಷರದ ಹೆಸರು ಅವರಿಗೆ ಸಿಕ್ಕಿತು. ಕಚೇರಿಯ ಚೀಟಿ ಪುಸ್ತಕದ ಹಿಂಬದಿಯಲ್ಲಿ ಅದನ್ನೇ ಬರೆದು ಬರೆದು ನೋಡಿಕೊಂಡರು. ಆಮೇಲೆ ಏಳು ತಿಂಗಳು, ನಡುಮನೆಯ ಕಿಟಕಿಯ ಪಕ್ಕದ ಮೇಜಿನ ಮೇಲೆ, ಬಿಸ್ಕತ್ತಿನ ಡಬ್ಬಿಯೊಳಗೆ ಅವರ ರೇಡಿಯೋ ಬೆಳೆಯಿತು. ಕೆಮ್ಮಿನ ಔಷಧಿಯ ಖಾಲಿ ಬಾಟಲಿಗೆ ತಾಮ್ರದ ತಂತಿಯನ್ನು ನಲವತ್ತೆರಡು ಸುತ್ತು ಸುತ್ತಿದರು. ನಲವತ್ತಕ್ಕೆ ಬಂದಾಗಲೆಲ್ಲ ಯಾರಾದರೂ ಬಾಗಿಲು ತಟ್ಟಿ ಲೆಕ್ಕ ತಪ್ಪುತ್ತಿತ್ತು. ಟ್ರಾನ್ಸಿಸ್ಟರಿನ ಮೂರು ಕಾಲಿನಲ್ಲಿ ಯಾವುದು ಯಾವುದೆಂದು ತಿಳಿಯದೆ ನಾಲ್ಕು ಟ್ರಾನ್ಸಿಸ್ಟರ್ ಸುಟ್ಟವು. ಹೆಂಡತಿ ಬೆಸುಗೆಯ ಹೊಗೆಗೆ ಕಿಟಕಿ ತೆರೆಯುವುದೂ ಅತ್ತೆ ಗಾಳಿಗೆ ಹೆದರಿ ಮುಚ್ಚುವುದೂ ನಿತ್ಯ ನಡೆಯಿತು. ಏರಿಯಲ್ ತಂತಿಯನ್ನು ತಾರಸಿಯಿಂದ ಪಕ್ಕದ ಮನೆಯ ಹೊಲಿಗೆಯಾಕೆಯ ಬಟ್ಟೆ ಒಣಗಿಸುವ ಕಂಬಕ್ಕೆ ಕಟ್ಟಿದರು. ಆಕೆ ಮೂವತ್ತೈದರ, ಒಬ್ಬಳೇ ಇರುವ, ನಗುಮುಖದ ಹೆಣ್ಣುಮಗಳು. ಸಂಜೆಯಾದರೆ ಕೈಹೊಲಿಗೆ ಹಿಡಿದುಕೊಂಡು ಗುಮಾಸ್ತರ ನಡುಮನೆಗೇ ಬಂದು ಕೂರುತ್ತಿದ್ದಳು.

ಈಗ ಒಂದು ಸಣ್ಣ ತಾಂತ್ರಿಕ ಸಂಗತಿಯನ್ನು ಹೇಳಲೇಬೇಕು. ಇಂಥ ಪೆಟ್ಟಿಗೆಗೆ ಬಾಯಿ, ಕಿವಿ ಎರಡೂ ಇದ್ದರೂ ಒಂದು ಹೊತ್ತಿಗೆ ಒಂದೇ ಕೆಲಸ ಮಾಡುತ್ತದೆ. ಮೈಕಿನ ಗುಂಡಿ ಒತ್ತಿದರೆ ಬಾಯಿ, ಬಿಟ್ಟರೆ ಕಿವಿ. ಅದನ್ನು ಬದಲಿಸಲು ಒಳಗೆ ರಿಲೇ ಎಂಬ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ವಸ್ತು ಇರುತ್ತದೆ. ಗುಮಾಸ್ತರು ಆ ರಿಲೇಗೆ ಎರಡು ತಂತಿ ಬೆಸೆಯುತ್ತಿದ್ದ ಹೊತ್ತಿಗೇ ಷಡ್ಡಕ ಒಳಗೆ ಬಂದು, ಇನ್ನೂ ಮುಗಿದಿಲ್ಲವೇ ಎಂದು ಕೇಳಿದ. ಎರಡೂ ತಂತಿ ಹಳದಿ ಬಣ್ಣದವು. ಮುಗಿಯುತ್ತಾ ಬಂತು ಎನ್ನುತ್ತ ಗುಮಾಸ್ತರು ಅದನ್ನು ಇದರ ಜಾಗಕ್ಕೂ ಇದನ್ನು ಅದರ ಜಾಗಕ್ಕೂ ಬೆಸೆದು ಮುಚ್ಚಳ ಹಾಕಿದರು. ಹೀಗಾಗಿ ಆ ಪೆಟ್ಟಿಗೆ ಗುಂಡಿ ಒತ್ತಿದಾಗ ಕೇಳಿಸಿಕೊಳ್ಳುತ್ತಿತ್ತು, ಬಿಟ್ಟಾಗ ಮನೆಯಲ್ಲಿ ಏನು ಸದ್ದಾದರೂ ಅದನ್ನು ಜಗತ್ತಿಗೆ ಸಾರುತ್ತಿತ್ತು. ಇದು ನಮಗೆ ಗೊತ್ತು. ಗುಮಾಸ್ತರಿಗೆ ಇನ್ನೂ ನಲವತ್ತೊಂದು ದಿನ ಗೊತ್ತಾಗುವುದಿಲ್ಲ.

ಮೊದಲ ಸಂಜೆ ಆರು ಗಂಟೆಗೆ ಮನೆಯವರೆಲ್ಲ ಸೇರಿದರು. ಗುಮಾಸ್ತರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕಿವಿಗೆ ದಪ್ಪನೆಯ ಹೆಡ್‌ಫೋನ್ ಏರಿಸಿ, ಗುಂಡಿ ಒತ್ತಿ, “ಸಿ ಕ್ಯೂ, ಸಿ ಕ್ಯೂ” ಎಂದು ಕರೆದರು. ಯಾರಾದರೂ ಇದ್ದೀರಾ ಎಂಬುದಕ್ಕೆ ಹವ್ಯಾಸಿಗಳ ಭಾಷೆ ಅದು. ತಮ್ಮ ಅಕ್ಷರದ ಹೆಸರನ್ನು ಮೂರು ಸಲ ಹೇಳಿದರು. ಆಮೇಲೆ ಗುಂಡಿ ಬಿಟ್ಟು, ಅಂಗೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿ, ಕಣ್ಣು ಮುಚ್ಚಿ ಆಲಿಸಿದರು. ಒಂದು ಸದ್ದಿಲ್ಲ. ಕರಕರ ಕೂಡ ಇಲ್ಲ. ಇಷ್ಟು ಶುದ್ಧವಾದ ನಿಶ್ಶಬ್ದ ಕೊಡುವ ಯಂತ್ರ ಅಂಗಡಿಯಲ್ಲಿ ಸಿಗುವುದಿಲ್ಲ ಎಂದು ಅವರು ಸಮಾಧಾನ ಪಟ್ಟುಕೊಂಡರು. ನಿಶ್ಶಬ್ದವೇ ಬೇಕಾಗಿದ್ದರೆ ಏಳು ತಿಂಗಳು ಯಾಕೆ ಕಷ್ಟಪಡಬೇಕಿತ್ತು, ಸುಮ್ಮನೆ ಕೂತಿದ್ದರೆ ಸಾಕಿತ್ತಲ್ಲ ಎಂದು ಷಡ್ಡಕ ಕೇಳಿದ. ಆ ಮಾತು ಅವನಿಗೆ ಗೊತ್ತಿಲ್ಲದೆಯೇ ಮೂರು ಊರಿಗೆ ಕೇಳಿಸಿತು.

ಮರುದಿನದಿಂದ ಗುಮಾಸ್ತರು ದಿನಾ ಸಂಜೆ ಆರರಿಂದ ಏಳರವರೆಗೆ ಕೂರತೊಡಗಿದರು. ಮೊದಲ ಮೂರು ದಿನ ಹೆಂಡತಿ ಬಾಯಿ ಬಿಗಿಹಿಡಿದುಕೊಂಡು, ತುದಿಗಾಲಲ್ಲಿ ಓಡಾಡಿದರು. ನಾಲ್ಕನೆಯ ದಿನ ಅತ್ತೆ, ಅಷ್ಟು ದಪ್ಪ ಮುಚ್ಚಳ ಕಿವಿಗೆ ಹಾಕಿಕೊಂಡವರಿಗೆ ನಮ್ಮ ಮಾತು ಎಲ್ಲಿ ಕೇಳುತ್ತದೆ, ನಾವು ಯಾಕೆ ಮೂಗರ ಹಾಗಿರಬೇಕು ಎಂದರು. ಅದು ನ್ಯಾಯವಾಗಿ ಕಂಡಿತು. ಅಲ್ಲಿಂದಾಚೆ ಗುಮಾಸ್ತರು ಕಣ್ಣು ಮುಚ್ಚಿ ವಿಶ್ವದ ಮೌನವನ್ನು ಆಲಿಸುತ್ತಿದ್ದರೆ, ಅವರ ಮೈಕಿನಿಂದ ಮೂರು ಅಡಿ ದೂರದಲ್ಲಿ ಹೆಂಡತಿ, ಅತ್ತೆ, ಹೊಲಿಗೆಯಾಕೆ ಮೂವರೂ ಬೀದಿಯ ಸಮಸ್ತ ವಿಚಾರಗಳನ್ನೂ ಕೈಗೆತ್ತಿಕೊಂಡರು.

ಅದರಲ್ಲಿ ಬಹಳ ದಿನ ನಡೆದದ್ದು ಚಷ್ಮೆ ಅಂಗಡಿಯವನ ಪ್ಯಾಂಟಿನ ವಿಚಾರ. ಅವನು ಒಂದು ಬೂದುಬಣ್ಣದ ಪ್ಯಾಂಟನ್ನು ಉದ್ದವಾಯಿತೆಂದು ಹೊಲಿಗೆಯಾಕೆಯ ಹತ್ತಿರ ತಂದು ಗಿಡ್ಡ ಮಾಡಿಸಿದ. ವಾರ ಬಿಟ್ಟು ಗಿಡ್ಡವಾಯಿತೆಂದು ತಂದ. ಮತ್ತೆ ಉದ್ದವಾಯಿತೆಂದು ತಂದ. ಪ್ಯಾಂಟಿನಲ್ಲಿ ದೋಷವಿಲ್ಲ, ಮನುಷ್ಯನಲ್ಲೇ ಏನೋ ಇದೆ ಎಂದು ಅತ್ತೆ ಮೊದಲು ಪತ್ತೆ ಹಚ್ಚಿದರು. ಅಂದಿನಿಂದ ಅವನು ಬಂದಾಗ ಏನೆಂದ, ಎಷ್ಟು ಹೊತ್ತು ನಿಂತ, ಹೋಗುವಾಗ ತಿರುಗಿ ನೋಡಿದನೋ ಇಲ್ಲವೋ ಎಂಬುದೆಲ್ಲ ಸಂಜೆ ಆರು ಗಂಟೆಗೆ ಮಂಡನೆಯಾಗುತ್ತಿತ್ತು. ಎಷ್ಟೋ ಸಲ ಮುಖ್ಯವಾದ ಜಾಗಕ್ಕೆ ಬರುವಷ್ಟರಲ್ಲಿ ಏಳು ಹೊಡೆದು, ಗುಮಾಸ್ತರು ಸ್ವಿಚ್ ಆರಿಸುತ್ತಿದ್ದರು.

ಇತ್ತ ಗುಮಾಸ್ತರ ತಲೆಬೇನೆಯೇ ಬೇರೆ. ಅವರು ಗುಂಡಿ ಒತ್ತಿ ಮಾತಾಡತೊಡಗಿದರೆ ಸಾಕು, ಹೆಡ್‌ಫೋನಿನಲ್ಲಿ ಎಲ್ಲಿಂದಲೋ ಜನ ಮುಗಿಬಿದ್ದು ಮಾತಾಡುತ್ತಿದ್ದರು. ಇವರು ದನಿ ಎತ್ತರಿಸಿದರೆ ಅವರೂ ಎತ್ತರಿಸುತ್ತಿದ್ದರು. ಸರಿ, ನಿಮ್ಮದೇ ಮೊದಲು ಮುಗಿಯಲಿ ಎಂದು ಇವರು ಗುಂಡಿ ಬಿಟ್ಟು ಕಾದರೆ ಒಬ್ಬರೂ ಉಸಿರೆತ್ತುತ್ತಿರಲಿಲ್ಲ. ತಾವು ಮಾತಾಡಿದಾಗ ಎಲ್ಲರೂ ಮಾತಾಡುವುದು, ತಾವು ಕೇಳಲು ಕೂತಾಗ ಎಲ್ಲರೂ ಸುಮ್ಮನಾಗುವುದು. ಕಚೇರಿಯ ಮೀಟಿಂಗಿನಲ್ಲೂ ಹೀಗೇ ಆಗುತ್ತಿದ್ದುದರಿಂದ ಅವರಿಗೆ ಮೊದಮೊದಲು ಅನುಮಾನ ಬರಲಿಲ್ಲ. ತಮ್ಮ ಕೂಗಿನ ನಡುವೆ ಅವರಿಗೆ ಸಿಕ್ಕಿದ್ದು ಒಂದೊಂದು ಚೂರು. ‘ಗುಂಡಿ’ ಎಂಬ ಮಾತು ದಿನಕ್ಕೆ ಹತ್ತು ಸಲ ಬರುತ್ತಿತ್ತು. ‘ಉಲ್ಟಾ ಆಗಿದೆ’ ಎಂದು ಒಬ್ಬ, ‘ಬಿಚ್ಚಿ ನೋಡಿ’ ಎಂದು ಇನ್ನೊಬ್ಬ. ಮಧ್ಯೆ ಮಧ್ಯೆ ಪ್ಯಾಂಟು. ಎಲ್ಲವನ್ನೂ ಕೂಡಿಸಿ ನೋಡಿ, ಯಾರೋ ದರ್ಜಿಗಳ ಗುಂಪೊಂದು ಹವ್ಯಾಸಿಗಳ ತರಂಗಕ್ಕೆ ನುಗ್ಗಿ ತಮ್ಮ ವ್ಯಾಪಾರದ ಮಾತು ನಡೆಸುತ್ತಿದೆ ಎಂಬ ತೀರ್ಮಾನಕ್ಕೆ ಗುಮಾಸ್ತರು ಬಂದರು.

ಹತ್ತೊಂಬತ್ತು ವರ್ಷ ಪರರ ದೂರನ್ನು ಬರೆದುಕೊಂಡವರು ಮೊಟ್ಟಮೊದಲ ಬಾರಿಗೆ ತಮ್ಮ ದೂರನ್ನು ತಾವು ಬರೆದರು. ರೇಡಿಯೋ ತರಂಗಗಳ ಮೇಲೆ ಕಣ್ಣಿಡುವ, ಸರಿಯಾಗಿ ಹೇಳಬೇಕೆಂದರೆ ಕಿವಿಯಿಡುವ, ಸರ್ಕಾರಿ ಕಚೇರಿಯೊಂದಿದೆ. ಅದಕ್ಕೆ ಎರಡು ಪುಟದ ಪತ್ರ ಹೋಯಿತು. ಅಂಗಿಯ ಗುಂಡಿ ಮತ್ತು ಪ್ಯಾಂಟುಗಳ ಬಗ್ಗೆ ಚರ್ಚಿಸುವ ಅನಾಮಧೇಯರು ಅರ್ಜಿದಾರನ ವಾಕ್‌ಸ್ವಾತಂತ್ರ್ಯಕ್ಕೆ ಪ್ರತಿದಿನ ಸಂಜೆ ಆರರಿಂದ ಏಳರವರೆಗೆ ಅಡ್ಡಿಪಡಿಸುತ್ತಿದ್ದು, ಸದರಿಯವರನ್ನು ಪತ್ತೆ ಮಾಡಿ ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಅದರಲ್ಲಿ ಪ್ರಾರ್ಥಿಸಿತ್ತು. ಕಾಗದದ ಬಲಮೂಲೆಯಲ್ಲಿ, ಅಭ್ಯಾಸಬಲದಿಂದ, ಕ್ರಮಸಂಖ್ಯೆಯನ್ನೂ ಅವರೇ ಹಾಕಿದ್ದರು.

ಆ ಕಚೇರಿಯಲ್ಲಿ ಅಷ್ಟರಲ್ಲಾಗಲೇ ಇನ್ನೊಂದು ಕಡತ ದಪ್ಪವಾಗುತ್ತಿತ್ತು. ಸಂಜೆ ಆರರಿಂದ ಏಳರವರೆಗೆ ಹೆಸರು ಹೇಳದ ಸ್ಟೇಷನ್ ಒಂದು ಪ್ರಸಾರ ಮಾಡುತ್ತಿದೆ, ಅದರಲ್ಲಿ ಮೂವರು ಮಹಿಳೆಯರು ಮಾತಾಡುತ್ತಾರೆ, ಯಾರು ಏನು ಕೇಳಿದರೂ ಉತ್ತರ ಕೊಡುವುದಿಲ್ಲ ಎಂದು. ಪ್ಯಾಂಟಿನ ಉದ್ದ ಹೆಚ್ಚುಕಡಿಮೆಯಾಗುವುದು ಗುಪ್ತ ಸಂಕೇತವಿರಬಹುದೇ ಎಂದು ಮೇಲಿನವರೊಬ್ಬರು ಅಂಚಿನಲ್ಲಿ ಕೆಂಪುಶಾಯಿಯಲ್ಲಿ ಬರೆದಿದ್ದರು. ಎರಡು ಕಡತಗಳೂ ಒಬ್ಬರೇ ಅಧಿಕಾರಿಯ ಮೇಜಿಗೆ ಬಂದವು. ಎರಡರಲ್ಲೂ ಸಮಯ ಒಂದೇ, ಪ್ಯಾಂಟೂ ಒಂದೇ. ಅವರು ತಲೆ ಕೆರೆದುಕೊಂಡು, ವ್ಯಾನ್ ತೆಗೆಸಿ ಹೊರಟರು.

ತಲೆಯ ಮೇಲೆ ಬಟ್ಟೆಯಿಲ್ಲದ ಛತ್ರಿಯಂಥ ಕಡ್ಡಿಗಳನ್ನು ಹೊತ್ತ ಆ ವ್ಯಾನು ಮೂರು ಸಂಜೆ ಗುಮಾಸ್ತರ ಬೀದಿಯಲ್ಲಿ ಸುತ್ತಿತು. ಬೀದಿಯವರಲ್ಲಿ ಕೆಲವರು ಅದು ಸೊಳ್ಳೆ ಔಷಧಿಯ ಗಾಡಿ ಎಂದು ಕಿಟಕಿ ಮುಚ್ಚಿದರು. ನಾಯಿ ಹಿಡಿಯುವ ಗಾಡಿ ಎಂದು ತಿಳಿದು ಕಿರಾಣಿ ಅಂಗಡಿಯವನು ತನ್ನ ನಾಯಿಯನ್ನು ಅಕ್ಕಿಮೂಟೆಯ ಹಿಂದೆ ಅಡಗಿಸಿದ. ಇಕ್ಕಟ್ಟಾದ ಮನೆಗಳು, ಎಲ್ಲೆಂದರಲ್ಲಿ ತಂತಿ. ಅಧಿಕಾರಿಯ ಯಂತ್ರದ ಮುಳ್ಳು ಸುತ್ತಮುತ್ತಲ ಆರು ಮನೆಗಳನ್ನೂ ಒಂದೇ ಸಮನೆ ತೋರಿಸುತ್ತಿತ್ತು. ಮೂರನೆಯ ದಿನ ಸುಸ್ತಾಗಿ ಅವರು ವ್ಯಾನಿನ ಹಿಂಬಾಗಿಲು ತೆರೆದಿಟ್ಟು, ಹೆಡ್‌ಫೋನ್ ಹಾಕಿಕೊಂಡೇ ಒಂದು ಬನ್ನು ತಿನ್ನಲು ಕೂತರು.

ಆಗ ಹೆಡ್‌ಫೋನಿನಲ್ಲಿ ಹೊಲಿಗೆಯಾಕೆಯ ದನಿ ಕೇಳಿಸಿತು. “ಅಕ್ಕಾ, ಇಲ್ಲಿ ಬನ್ನಿ. ಆ ಗಾಡಿ ಇವತ್ತೂ ಬಂದಿದೆ. ಒಳಗೆ ಒಬ್ಬರು ದಪ್ಪಗಿರೋರು ಕೂತ್ಕೊಂಡು ಬನ್ ತಿಂತಿದಾರೆ.”

ಅಧಿಕಾರಿಯ ಬಾಯಲ್ಲಿದ್ದ ಬನ್ನು ಅಲ್ಲೇ ನಿಂತಿತು.

“ಯಾಕೋ ತಿನ್ನೋದು ನಿಲ್ಲಿಸಿದರು,” ಎಂದಿತು ದನಿ.

ಇನ್ನೊಂದು ದನಿ, ಪಾಪ, ಗಂಟಲಿಗೆ ಸಿಕ್ಕಿಕೊಂಡಿರಬೇಕು, ನೀರು ಕಳಿಸೋಣವೇ ಎಂದು ಕೇಳಿತು. ಮೂರನೆಯದು, ಮೀಸೆಗೆ ಸಕ್ಕರೆ ಅಂಟಿದೆ, ಯಾರಾದರೂ ಹೇಳಬಾರದೇ ಎಂದಿತು. ಅಧಿಕಾರಿ ಮೀಸೆ ಒರೆಸಿಕೊಂಡರು. ಈಗ ಒರೆಸಿಕೊಂಡರು ಎಂದು ದನಿ ವರದಿ ಮಾಡಿತು. ಅಧಿಕಾರಿ ನಿಧಾನವಾಗಿ ತಲೆ ಎತ್ತಿದರು. ಎದುರುಮನೆಯ ಕಿಟಕಿಯಲ್ಲಿ ಮೂವರು ಹೆಂಗಸರು ಸಾಲಾಗಿ ನಿಂತು ಅವರನ್ನೇ ನೋಡುತ್ತಿದ್ದರು. ಅವರ ಹಿಂದೆ, ಕಣ್ಣು ಮುಚ್ಚಿ ಅಂಗೈ ಎತ್ತಿದ ಗಂಡಸಿನ ತಲೆಯೊಂದು ಕಾಣುತ್ತಿತ್ತು. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಅವರು ಇಷ್ಟು ಸುಲಭವಾಗಿ ಯಾವ ಸ್ಟೇಷನ್ನನ್ನೂ ಪತ್ತೆ ಹಚ್ಚಿರಲಿಲ್ಲ.

ಅಧಿಕಾರಿ ಒಳಗೆ ಬಂದು ಗುರುತಿನ ಚೀಟಿ ತೋರಿಸಿದಾಗ ಗುಮಾಸ್ತರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ದೂರು ಕೊಟ್ಟು ಇನ್ನೂ ತಿಂಗಳಾಗಿಲ್ಲ, ಆಗಲೇ ಕ್ರಮ ಕೈಗೊಳ್ಳಲು ಬಂದಿದ್ದಾರೆ. ತಮ್ಮ ಕಿಟಕಿಯಲ್ಲಿ ಇಂಥದ್ದನ್ನು ಅವರು ಕಂಡಿರಲಿಲ್ಲ. ದರ್ಜಿಗಳು ಸಿಕ್ಕಿದರೇ ಎಂದು ಕೇಳಿದರು. ಒಬ್ಬರು ಸಿಕ್ಕಿದ್ದಾರೆ ಎಂದು ಅಧಿಕಾರಿ ಹೊಲಿಗೆಯಾಕೆಯ ಕಡೆ ನೋಡಿದರು. ಅಷ್ಟರಲ್ಲಿ ಮನೆಮುಂದೆ ಸರ್ಕಾರಿ ಗಾಡಿ ನಿಂತ ಸುದ್ದಿ ತಲುಪಿ, ಅಂಗಡಿಯನ್ನು ಅರ್ಧ ಮುಚ್ಚಿ ಷಡ್ಡಕನೂ ಓಡಿಬಂದ. ಅಧಿಕಾರಿ ಕುರ್ಚಿ ಎಳೆದುಕೊಂಡು, ದಪ್ಪ ಕಡತ ತೆರೆದು, ಇವು ಈ ಮನೆಯಲ್ಲಿ ಆಡಿದ ಮಾತುಗಳೇ ಎಂದು ಖಾತ್ರಿಪಡಿಸಿಕೊಳ್ಳಬೇಕಾಗಿದೆ, ಸಾರ್ವಜನಿಕವಾಗಿ ಪ್ರಸಾರವಾದದ್ದರಿಂದ ಓದಲು ಅಡ್ಡಿಯಿಲ್ಲ ಎಂದು ಹೇಳಿ, ಗಂಟಲು ಸರಿಮಾಡಿಕೊಂಡರು.

“ನಾಲ್ಕನೇ ತಾರೀಕು, ಸಂಜೆ ಆರು ಹನ್ನೆರಡು. ಮಹಿಳಾ ಧ್ವನಿ ಎರಡು, ವಯಸ್ಸಾದವರು. ‘ದೊಡ್ಡ ಅಳಿಯಂದಿರು ಹುಬ್ಬಿಗೂ ಬಣ್ಣ ಹಚ್ಚೋಕೆ ಶುರು ಮಾಡಿದಾರೆ ಕಣೆ. ಬೆವರಿದ್ರೆ ಕಣ್ಣಿಗೆ ಇಳಿಯತ್ತೆ, ಅದಕ್ಕೇ ಫ್ಯಾನ್ ಕೆಳಗೇ ಕೂರೋದು.’”

ಎಲ್ಲರ ಕಣ್ಣೂ ಷಡ್ಡಕನ ಕಡೆ ಹೋದವು. ಅವನು ಫ್ಯಾನಿನ ಕೆಳಗೇ ಕೂತಿದ್ದ. ಅತ್ತೆ ಮಾತ್ರ ಗೋಡೆಯ ಕ್ಯಾಲೆಂಡರಿನಲ್ಲಿ ಯಾವುದೋ ತಾರೀಕು ಹುಡುಕುತ್ತಿದ್ದರು.

ಆಮೇಲೆ ಪ್ಯಾಂಟು ಬಂತು. ಒಂದೊಂದು ಸಂಜೆಯದೂ, ತಾರೀಕು ನಿಮಿಷ ಸಮೇತ. ಚಷ್ಮೆ ಅಂಗಡಿಯವನು ‘ಸಂಜೆ ಹೊತ್ತು ಕಣ್ಣಿಗೆ ಶ್ರಮ ಕೊಡಬೇಡಿ’ ಎಂದದ್ದು, ಅದನ್ನೇ ಹೊಲಿಗೆಯಾಕೆ ರಾತ್ರಿಯಿಡೀ ಯೋಚಿಸಿದ್ದು, ಎಲ್ಲವನ್ನೂ ಅಧಿಕಾರಿ ಒಂದೇ ಏರಿಳಿತವಿಲ್ಲದ ದನಿಯಲ್ಲಿ ಓದಿದರು. ಹೊಲಿಗೆಯಾಕೆ ಕೆಂಪಾಗಿ, ಕೈಯಲ್ಲಿದ್ದ ಬಟ್ಟೆಗೂ ತನ್ನ ಸೆರಗಿಗೂ ಸೇರಿಸಿ ಹೊಲಿಗೆ ಹಾಕಿಬಿಟ್ಟಿದ್ದಳು. ಇದನ್ನು ಎಷ್ಟು ಜನ ಕೇಳಿದ್ದಾರೆ ಎಂದು ಆಕೆ ಸಣ್ಣ ದನಿಯಲ್ಲಿ ವಿಚಾರಿಸಿದಳು. ಮೂರು ಊರಿನ ಹನ್ನೊಂದು ಜನ ಹವ್ಯಾಸಿಗಳು, ಅವರ ಮನೆಯವರು, ಜೊತೆಗೆ ತಮ್ಮ ಕಚೇರಿ ಎಂದು ಅಧಿಕಾರಿ ಲೆಕ್ಕ ಒಪ್ಪಿಸಿದರು. ರಜೆಯ ದಿನ ಯಾರೂ ಕರೆಯದೆಯೇ ಸಿಬ್ಬಂದಿ ಆರು ಗಂಟೆಗೆ ಬಂದು ಕೂರತೊಡಗಿದ್ದು ಇಲಾಖೆಯ ಇತಿಹಾಸದಲ್ಲೇ ಮೊದಲು ಎಂಬುದನ್ನೂ ಒಪ್ಪಿಕೊಂಡರು.

ಹೊಲಿಗೆಯಾಕೆ ಸೆರಗಿನ ಹೊಲಿಗೆ ಬಿಚ್ಚತೊಡಗಿದಳು. “ಮತ್ತೆ, ಅವರೆಲ್ಲ ಏನಂತಾರೆ?”

ಅಧಿಕಾರಿ ಕಡತದೊಳಗೆ ಬೆರಳಿಟ್ಟು ಮುಚ್ಚಿ, ಇದು ಇಲಾಖೆಯ ಮಾತಲ್ಲ ಎಂದು ಮೊದಲೇ ಸ್ಪಷ್ಟಪಡಿಸಿದರು. “ಮನುಷ್ಯ ಒಳ್ಳೆಯವನೇ ಅಂತ ಎಲ್ಲರ ಅಭಿಪ್ರಾಯ. ಆದ್ರೆ ಪ್ಯಾಂಟು ಇನ್ನೊಂದು ಸಲ ತಡೆಯಲ್ಲ. ಬೇಗ ಏನಾದ್ರೂ ಒಂದು ಹೇಳಿಬಿಡಿ.”

ಗುಮಾಸ್ತರು ಇಷ್ಟು ಹೊತ್ತೂ ಒಬ್ಬರಾದ ಮೇಲೆ ಒಬ್ಬರ ಮುಖ ನೋಡುತ್ತಿದ್ದರು. ತಮ್ಮ ಮೂರಡಿ ಹತ್ತಿರದಲ್ಲಿ ಇಷ್ಟೆಲ್ಲ ನಡೆದಿದೆ, ತಮಗೆ ಚಷ್ಮೆ ಅಂಗಡಿಯವನಿಗೆ ಮದುವೆಯಾಗಿಲ್ಲ ಎಂಬುದೂ ಗೊತ್ತಿರಲಿಲ್ಲ. ಈಗ ಅವರ ತಲೆಗೆ ಮೆಲ್ಲಗೆ ಇನ್ನೊಂದು ವಿಷಯ ಇಳಿಯತೊಡಗಿತ್ತು. ಹಾಗಾದರೆ ತಾವು ಇಷ್ಟು ದಿನ ಕರೆದದ್ದು ಯಾರಿಗೂ ಕೇಳಿಲ್ಲವೇ ಎಂದು ಕೇಳಿದರು. ಒಂದು ಅಕ್ಷರವೂ ಕೇಳಿಲ್ಲ ಎಂದರು ಅಧಿಕಾರಿ. ಗುಂಡಿ ಉಲ್ಟಾ ಆಗಿದೆ, ಡಬ್ಬಿ ಬಿಚ್ಚಿ ನೋಡಿ ಎಂದು ಹನ್ನೊಂದು ಜನ ನಲವತ್ತೊಂದು ದಿನ ಗಂಟಲು ಹರಿದುಕೊಂಡಿದ್ದಾರೆ. ಅವರಿಗೆ ಅವಕಾಶ ಸಿಗುತ್ತಿದ್ದುದೇ ಇವರು ಗುಂಡಿ ಒತ್ತಿದಾಗ, ಆಗಲೇ ಇವರು ಮಾತಾಡುತ್ತಿದ್ದರು.

ಗುಮಾಸ್ತರು ಕುರ್ಚಿಯಲ್ಲಿ ಕೂತರು. ಷಡ್ಡಕನಿಗೆ ಹುಬ್ಬಿನ ಅವಮಾನ ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಏಳು ತಿಂಗಳು ಕೂತು ಒಂದು ಗುಂಡಿ ಸರಿಯಾಗಿ ಹಾಕಲಾರದವರ ಲೈಸೆನ್ಸು ಕಿತ್ತುಕೊಳ್ಳುವುದೇ ಸರಿ ಎಂದ. ನಿಯಮದ ಪ್ರಕಾರ ಹಾಗೆ ಮಾಡಲು ಅವಕಾಶವಿದೆ ಎಂದು ಅಧಿಕಾರಿಯೂ ಒಪ್ಪಿದರು. ಹೆಸರು ಹೇಳದೆ ಪ್ರಸಾರ ಮಾಡಿದ್ದು ಒಂದು ತಪ್ಪು, ಲೈಸೆನ್ಸಿಲ್ಲದವರ ಮಾತು ಪ್ರಸಾರವಾದದ್ದು ಇನ್ನೊಂದು. ಗುಮಾಸ್ತರು ಎದ್ದು, ಹೆಡ್‌ಫೋನಿನ ತಂತಿಯನ್ನು ಅಚ್ಚುಕಟ್ಟಾಗಿ ಸುತ್ತಿ, ಬಿಸ್ಕತ್ತಿನ ಡಬ್ಬಿಯ ಮೇಲಿಟ್ಟು, ತೆಗೆದುಕೊಂಡು ಹೋಗಿ ಎಂಬಂತೆ ಅಧಿಕಾರಿಯ ಕಡೆ ಸರಿಸಿದರು.

ಹೆಂಡತಿ ಅದನ್ನು ನೋಡಿದರು. ಅಷ್ಟು ಹೊತ್ತು ಬಾಗಿಲಿಗೆ ಒರಗಿ ನಿಂತಿದ್ದವರು ಮುಂದೆ ಬಂದು, ಕಡತ ಇನ್ನೂ ಮುಗಿದಿಲ್ಲವಲ್ಲ, ಪೂರ್ತಿ ಓದಿ ಆಮೇಲೆ ಕಿತ್ತುಕೊಳ್ಳಿ ಎಂದರು. ಅಧಿಕಾರಿ ಮುಂದಿನ ಹಾಳೆಯ ಮೇಲೆ ಕಣ್ಣಾಡಿಸಿ, ಇದು ಸ್ವಲ್ಪ ಖಾಸಗಿ ಎಂದು ಹಿಂದೆಮುಂದೆ ನೋಡಿದರು. ಹುಬ್ಬು, ಪ್ಯಾಂಟು ಖಾಸಗಿಯಲ್ಲವಂತೆ, ಇದು ಮಾತ್ರ ಖಾಸಗಿಯೋ, ಓದಿ ಎಂದು ಅತ್ತೆ ಅಪ್ಪಣೆ ಮಾಡಿದರು.

“ಹದಿನೇಳನೇ ತಾರೀಕು, ಆರು ಮೂವತ್ತೆರಡು,” ಎಂದು ಅಧಿಕಾರಿ ಓದಿದರು. “ಮಹಿಳಾ ಧ್ವನಿ ಒಂದು. ‘ದಿನಾ ಊರಿನವರ ಮಾತೆಲ್ಲ ಕೇಳಿ ಬರ್ತಾರಮ್ಮ ಇವರು. ಇವರ ಮಾತು ಕೇಳೋಕೆ ಒಬ್ಬರೂ ಇಲ್ಲ. ಆ ಕಡೆಯಿಂದ ಯಾರಾದ್ರೂ ಒಬ್ಬರು, ಒಂದೇ ಒಂದು ಸಲ, ಹೂಂ ಅಂದ್ರೆ ಸಾಕಿತ್ತು.’ ಮಹಿಳಾ ಧ್ವನಿ ಎರಡು. ‘ನೀನೇ ಹೂಂ ಅನ್ನಬಾರದಾ?’ ಧ್ವನಿ ಒಂದು. ‘ನಾನು ಅವರಿಗೆ ಬಾಯಿ ತೆರೆಯೋಕೆ ಎಲ್ಲಿ ಬಿಡ್ತೀನಿ. ಬಾಗಿಲು ತೆಗೆದ ಕೂಡ್ಲೆ ನಂದೇ ಶುರುವಾಗಿರತ್ತೆ.’ ಧ್ವನಿ ಎರಡು. ‘ಹಾಗಾದ್ರೆ ಸುಮ್ಮನಿರು.’ ಧ್ವನಿ ಒಂದು. ‘ಇದ್ದು ನೋಡಿದೀನಿ. ನಾನು ಸುಮ್ಮನಿದ್ರೆ ಇವರೂ ಸುಮ್ಮನೆ. ಮನೆ ಬಿಕೋ ಅನ್ನತ್ತೆ. ಆಗ ಹೆದರಿ ಮತ್ತೆ ನಾನೇ ಮಾತಾಡ್ತೀನಿ.’ ಹದಿನಾಲ್ಕು ಸೆಕೆಂಡು ಮೌನ.”

ಅಧಿಕಾರಿ ಓದುವುದನ್ನು ನಿಲ್ಲಿಸಿದರು. ಗುಮಾಸ್ತರು ಹೆಂಡತಿಯನ್ನು ನೋಡಿದರು. ಹೆಂಡತಿ ಪರದೆಯ ಮಡಿಕೆ ಸರಿಮಾಡತೊಡಗಿದರು, ಅದು ಸರಿಯಾಗಿಯೇ ಇತ್ತು. ಆ ಹದಿನೇಳನೇ ತಾರೀಕಿನ ಸಂಜೆ ಹನ್ನೊಂದು ಜನ ಹವ್ಯಾಸಿಗಳೂ ಒಟ್ಟಿಗೆ ‘ಹೂಂ’ ಎಂದರು, ಅದು ತಮ್ಮ ಯಂತ್ರದಲ್ಲಿ ದಾಖಲಾಗಿದೆ, ನೀವು ಮಾತ್ರ ಕೇಳಿಸಿಕೊಳ್ಳಲಿಲ್ಲ ಎಂದು ಅಧಿಕಾರಿ ಕಡತ ಕಟ್ಟುತ್ತ ಹೇಳಿದರು. ಆಮೇಲೆ ಡಬ್ಬಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಅದರ ಮುಚ್ಚಳ ಬಿಚ್ಚಿ, ಬೆಸುಗೆಯ ಕಡ್ಡಿ ಎಲ್ಲಿದೆ ಎಂದು ಕೇಳಿದರು.

ಎರಡು ಹಳದಿ ತಂತಿ ಬದಲಿಸಲು ಐದು ನಿಮಿಷ ಹಿಡಿಯಿತು. ಸುರುಳಿಯ ಸುತ್ತು ಚೆನ್ನಾಗಿ ಬಂದಿದೆ, ಬಿಗಿಯಾಗಿದೆ, ಎಷ್ಟು ಸುತ್ತು ಎಂದು ಅವರು ಕೇಳಿದರು. ನಲವತ್ತೆರಡು ಎಂದು ಗುಮಾಸ್ತರು ಎರಡು ಸಲ ಹೇಳಿದರು. ಲಿಖಿತ ಎಚ್ಚರಿಕೆಯೊಂದಿಗೆ ವಿಷಯ ಮುಗಿಯಿತು. ಗುಮಾಸ್ತರ ದೂರಿನ ಮೇಲೆ ಅಧಿಕಾರಿ, ಅಡ್ಡಿಪಡಿಸುತ್ತಿದ್ದ ವ್ಯಕ್ತಿ ಅರ್ಜಿದಾರರೇ ಎಂದು ಕಂಡುಬಂದಿರುತ್ತದೆ, ಅವರು ತಿದ್ದಿಕೊಂಡಿರುತ್ತಾರೆ ಎಂದು ಷರಾ ಬರೆದರು. ಹೊರಡುವಾಗ ಬಾಗಿಲಲ್ಲಿ ನಿಂತು, ಇನ್ನುಮುಂದೆ ಲೈಸೆನ್ಸ್ ಇಲ್ಲದವರು ಆ ಮೈಕಿನಲ್ಲಿ ಮಾತಾಡಕೂಡದು ಎಂದು ಹೇಳಿದರು. ಹೇಳುವಾಗ ಅವರ ಮುಖದಲ್ಲಿ ಕರ್ತವ್ಯಕ್ಕಿಂತ ದುಃಖವೇ ಹೆಚ್ಚು ಕಾಣುತ್ತಿತ್ತು.

ಮರುದಿನ ಸಂಜೆ ಗುಮಾಸ್ತರು ಕರೆದರು, ಉತ್ತರ ಬಂತು. ಒಂದಲ್ಲ, ಹನ್ನೊಂದು. ಏಳು ತಿಂಗಳಿಂದ ಮನಸ್ಸಿನಲ್ಲೇ ಸಿದ್ಧಪಡಿಸಿದ್ದ ಭಾಷಣವನ್ನು ಅವರು ಶುರು ಮಾಡುವ ಮೊದಲೇ ಆ ಕಡೆಯಿಂದ ಪಶುವೈದ್ಯರೊಬ್ಬರು, ಬಹಳ ವಿನಯದಿಂದ, ಮನೆಯವರು ಇದ್ದಾರೆಯೇ ಎಂದು ಕೇಳಲು ಹೊರಟು, ನಿಯಮ ನೆನಪಾಗಿ ನಿಲ್ಲಿಸಿದರು. ಚಷ್ಮೆ ಅಂಗಡಿಯವರಿಗೆ ಹೇಳಿದ್ದಾಯಿತೇ ಎಂದು ಇನ್ನೊಬ್ಬರ ಪ್ರಶ್ನೆ. ಗುಮಾಸ್ತರಿಗೆ ಗೊತ್ತಿರಲಿಲ್ಲ. ನಾಳೆ ತಿಳಿದು ಹೇಳುತ್ತೇನೆ ಎಂದರು.

ತಿಳಿದು ಹೇಳಬೇಕಾದರೆ ಕೇಳಿಸಿಕೊಳ್ಳಬೇಕು. ಅಂದಿನಿಂದ ಗುಮಾಸ್ತರು ಅಡುಗೆಮನೆಯ ಹೊಸಿಲ ಮೇಲೆ ಕುರ್ಚಿ ಹಾಕಿಕೊಂಡು ಕೂತರು. ಹೊಲಿಗೆಯಾಕೆ ಏನೆಂದಳು, ಅವನು ಅದಕ್ಕೆ ಏನೆಂದ, ಅಂದ ಮೇಲೆ ಚಷ್ಮೆ ತೆಗೆದನೋ ಹಾಕಿಕೊಂಡೇ ಇದ್ದನೋ. ಕಚೇರಿಯಲ್ಲಿ ಕೇಳಿದ ಹಾಗೆ ಕೇಳಿದರೆ ನಡೆಯುತ್ತಿರಲಿಲ್ಲ, ಪಶುವೈದ್ಯರು ತಿರುಗಿಸಿ ಪ್ರಶ್ನೆ ಹಾಕುತ್ತಿದ್ದರು. ಹೆಂಡತಿ ಮೊದಮೊದಲು ಇವರ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದರು. ಆಮೇಲೆ ಅಭ್ಯಾಸವಾಯಿತು. ಸಂಕೋಚವಿಲ್ಲದೆ, ಇವತ್ತು ನಿಮ್ಮ ಕಿಟಕಿಗೆ ಯಾರು ಬಂದಿದ್ದರು ಎಂದು ಅವರೂ ಕೇಳತೊಡಗಿದರು. ಮದುವೆಯಾಗಿ ಹದಿನಾರು ವರ್ಷಕ್ಕೆ ಆ ಮನೆಯಲ್ಲಿ ಊಟದ ತಟ್ಟೆಗಳು ಒಣಗುವವರೆಗೆ ಮಾತು ನಡೆಯಿತು. ಹೊಲಿಗೆಯಾಕೆ ಕೊನೆಗೂ ಪ್ಯಾಂಟನ್ನು ವಾಪಸು ಕೊಡದೆ ತನ್ನ ಬೀರುವಿನಲ್ಲೇ ಇಟ್ಟುಕೊಂಡಳು ಎಂಬ ಸುದ್ದಿಯನ್ನು ಗುಮಾಸ್ತರು ತಮ್ಮ ಬಾಯಾರೆ ಮೂರು ಊರಿಗೆ ತಲುಪಿಸಿದರು.

ಆದರೂ ಹವ್ಯಾಸಿಗಳಿಗೆ ತೃಪ್ತಿಯಿರಲಿಲ್ಲ. ನೀವು ಹೇಳುವುದರಲ್ಲಿ ವಿಷಯವಿದೆ, ರುಚಿಯಿಲ್ಲ ಎಂದು ಒಬ್ಬರು ನೇರವಾಗಿಯೇ ಹೇಳಿದರು. ಅದನ್ನು ಗುಮಾಸ್ತರು ಹೆಂಡತಿಗೆ ಹೇಳಿದಾಗ ಆಕೆ, ನನ್ನ ಮನೆಯಲ್ಲಿ ಮಾತಾಡಲು ನನಗೇ ಲೈಸೆನ್ಸು ಬೇಕೆಂದರೆ ಅದನ್ನೂ ತೆಗೆದುಕೊಂಡೇಬಿಡುತ್ತೇನೆ, ಪುಸ್ತಕ ಕೊಡಿ ಎಂದರು. ಅತ್ತೆ, ಈ ವಯಸ್ಸಿನಲ್ಲಿ ನಾನು ಪರೀಕ್ಷೆಗೆ ಕೂರುವುದಿಲ್ಲ, ಆ ಒಂದು ಗಂಟೆ ಅಡುಗೆಮನೆಯಲ್ಲಿ ಗೋಡೆಯ ಜೊತೆ ಮಾತಾಡುತ್ತೇನೆ, ಗೋಡೆಗೆ ಲೈಸೆನ್ಸು ಬೇಕಿಲ್ಲವಲ್ಲ ಎಂದರು. ಎರಡೂವರೆ ತಿಂಗಳು ಗುಮಾಸ್ತರು ಪಾತ್ರೆ ಒರೆಸುತ್ತ ಪ್ರಶ್ನೆ ಕೇಳಿದರು, ಹೆಂಡತಿ ತರಕಾರಿ ಹೆಚ್ಚುತ್ತ ಉತ್ತರ ಹೇಳಿದರು. ಆಕೆ ಮೊದಲನೆಯ ಸಲವೇ ಪಾಸಾದರು. ಗುಮಾಸ್ತರು ಈ ವಿಷಯವನ್ನು ಹೆಮ್ಮೆಯಿಂದಲೂ, ತಾವು ಎಷ್ಟನೆಯ ಸಲಕ್ಕೆ ಪಾಸಾದದ್ದು ಎಂಬ ಮಾತು ಬರದ ಹಾಗೆಯೂ ಕಚೇರಿಯಲ್ಲಿ ಹೇಳಿಕೊಂಡರು.

ಲೈಸೆನ್ಸು ಕೈಗೆ ಬಂದ ದಿನ ಸಂಜೆ ಆರು ಗಂಟೆಗೆ ಗುಮಾಸ್ತರು ಮೈಕನ್ನು ಹೆಂಡತಿಯ ಕಡೆ ತಿರುಗಿಸಿ, ಜಾಗ ಬಿಟ್ಟು, ಪಕ್ಕದ ಕುರ್ಚಿಯಲ್ಲಿ ಕೂತರು. ಮೂರು ಊರುಗಳು ಕಿವಿ ನೆಟ್ಟಗೆ ಮಾಡಿಕೊಂಡಿದ್ದವು. ಅತ್ತ ಅಧಿಕಾರಿಯ ಕಚೇರಿಯಲ್ಲೂ ಯಾರೋ ಕುರ್ಚಿ ಎಳೆದುಕೊಂಡಿರಲೇಬೇಕು. ಹೆಂಡತಿ ಗುಂಡಿ ಒತ್ತಿ, ಕಾಲ್ ಸೈನ್ ಹೇಳಿದರು. ಆಮೇಲೆ ಮಾತೇ ಹೊರಡಲಿಲ್ಲ. ನಲವತ್ತೊಂದು ಸಂಜೆ ನೀರು ಹರಿದಂತೆ ಮಾತಾಡಿದವರು ಈಗ ಮೈಕನ್ನು ನೋಡುತ್ತಾರೆ, ಬಾಯಿ ತೆರೆಯುತ್ತಾರೆ, ಮುಚ್ಚುತ್ತಾರೆ. ಕೊನೆಗೆ ಗುಂಡಿಯಿಂದ ಬೆರಳು ತೆಗೆದು ಗಂಡನ ಕಡೆ ತಿರುಗಿದರು.

“ಏನು ಹೇಳೋದೂಂತ ಗೊತ್ತಾಗ್ತಿಲ್ಲ ರೀ. ಅವರೆಲ್ಲ ಯಾರೋ ಏನೋ.”

“ಅವರಿಗೆ ಏನೂ ಹೇಳಬೇಡ,” ಎಂದರು ಗುಮಾಸ್ತರು. “ನನಗೆ ಹೇಳು.”

ಹೆಂಡತಿ ಕುರ್ಚಿಯನ್ನು ಅವರ ಕಡೆ ತಿರುಗಿಸಿಕೊಂಡು, ಮತ್ತೆ ಗುಂಡಿ ಒತ್ತಿ, ಬೆಳಗ್ಗೆ ಲೈಸೆನ್ಸಿನ ಕಾಗದ ತರಲು ಹೋದಾಗ ಬಸ್ಸಿನಲ್ಲಿ ತಮ್ಮ ಪಕ್ಕ ಕೂತ ಒಬ್ಬ ಅಜ್ಜಿಯ ಕಥೆ ಶುರು ಮಾಡಿದರು. ಆ ಅಜ್ಜಿ ಒಂದು ಕಾಲಿಗೆ ಒಂದು ಬಣ್ಣದ, ಇನ್ನೊಂದಕ್ಕೆ ಬೇರೆ ಬಣ್ಣದ ಚಪ್ಪಲಿ ಹಾಕಿಕೊಂಡಿದ್ದರಂತೆ. ಕೇಳಿದರೆ, ಮನೆಯಲ್ಲಿ ಇಂಥದ್ದೇ ಇನ್ನೊಂದು ಜೊತೆ ಇದೆ ಎಂದರಂತೆ. ಮಾತು ಚಪ್ಪಲಿಯಿಂದ ಬಸ್ಸಿಗೆ, ಬಸ್ಸಿನಿಂದ ಕಂಡಕ್ಟರನಿಗೆ, ಅವನಿಂದ ಅವನ ಹೆಂಡತಿಯ ತವರಿಗೆ ಹರಿಯಿತು. ಗುಂಡಿ ಬಿಡಬೇಕೆಂಬುದೇ ಆಕೆಗೆ ಮರೆತುಹೋಯಿತು. ಗುಮಾಸ್ತರಿಗೆ ಮರೆತಿರಲಿಲ್ಲ. ಅವರು ಕುರ್ಚಿಯನ್ನು ಇನ್ನೂ ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡು, “ಆಮೇಲೆ?” ಎಂದರು.